ತಾಮ್ರದ ತಗಡು, ಆಸಿಡ್, ಅಕಾಂತಸ್ ಎಲೆ: ಹಳೆಯ ಅಲಂಕಾರ ಚಿತ್ರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಹಜಾರದ ಗೋಡೆಯ ಮೇಲೆ ಕಟ್ಟು ಹಾಕಿಸಿದ ಒಂದು ಕಪ್ಪು ಬಿಳುಪು ಚಿತ್ರ ಇದೆ. ಕಲ್ಲಿನ ದೀಪಸ್ತಂಭ, ಅದರ ಬುಡದಲ್ಲಿ ಮೂರು ಸಿಂಹದ ಕಾಲು, ಮೇಲೆ ಎಲೆಗಳ ಸಾಲು. ಮನೆಗೆ ಬಂದವರು ಕೇಳುವುದು ಹೆಚ್ಚು ಕಡಿಮೆ ಒಂದೇ: ಕೈಯಲ್ಲಿ ಬರೆದದ್ದಾ? ಒರಿಜಿನಲ್ಲಾ? ಎಷ್ಟು ಕೊಟ್ಟಿರಿ? ಮೂರನೆಯದನ್ನು ಬಿಟ್ಟು ಉಳಿದವಕ್ಕೆ ಇಲ್ಲಿ ಉತ್ತರ ಇದೆ. ಕೆಲವು ಪ್ರಶ್ನೆ ಗೆಳೆಯರದು, ಕೆಲವು ನನ್ನ ವಿದ್ಯಾರ್ಥಿಗಳದು. ಒಂದೆರಡು ನಾನೇ ಮೊದಮೊದಲು ಕೇಳಿ ನಗೆಪಾಟಲಾದವು.

ಇವು ಯಾವ ಕಾಲದ ಚಿತ್ರಗಳು? ಯಾಕೆ ಬರೆದರು?

ಹೆಚ್ಚಿನವು 1750ರಿಂದ 1820ರ ನಡುವಿನವು. ಇಟಲಿಯಲ್ಲಿ 1738ರಲ್ಲಿ ಹರ್ಕ್ಯುಲೇನಿಯಮ್, 1748ರಲ್ಲಿ ಪಾಂಪೇ ಪಟ್ಟಣವನ್ನು ಅಗೆಯಲು ಶುರು ಮಾಡಿದರು. ಬೂದಿಯ ಅಡಿಯಿಂದ ಗೋಡೆಚಿತ್ರ, ದೀಪ, ಪಾತ್ರೆ, ಪೀಠ ಎಲ್ಲ ಮೇಲೆ ಬಂದವು. ರೋಮನ್ನರ ಮನೆ ಒಳಗೆ ಹೇಗಿತ್ತು ಅಂತ ಯೂರೋಪಿಗೆ ಕಣ್ಣಾರೆ ಕಂಡದ್ದು ಆಗಲೇ. ಲಂಡನ್, ಪ್ಯಾರಿಸ್‌ನ ಸಿರಿವಂತರಿಗೆ ತಮ್ಮ ಮನೆಯೂ ಹಾಗೇ ಇರಬೇಕು ಅನ್ನಿಸಿತು. ಆ ರುಚಿಗೆ ಈಗ ನಿಯೋಕ್ಲಾಸಿಕಲ್ ಅನ್ನುತ್ತಾರೆ.

ಆದರೆ ಲಂಡನ್ನಿನ ಗಾರೆ ಕೆಲಸದವನಿಗೆ ರೋಮಿಗೆ ಹೋಗಿ ಬರುವ ಯೋಗ ಎಲ್ಲಿಂದ? ಅವನ ಕೈಗೆ ಸಿಗಬೇಕಾದದ್ದು ಒಂದು ಹಾಳೆ. ಕಂಬದ ಬೋದಿಗೆಯ ಸುರುಳಿ ಹೇಗೆ ತಿರುಗುತ್ತದೆ, ಅಕಾಂತಸ್ ಎಂಬ ಗಿಡದ ಎಲೆಯ ತುದಿ ಎಲ್ಲಿ ಮಡಚುತ್ತದೆ, ಎತ್ತಿನ ತಲೆಬುರುಡೆಯ ನಡುವೆ ಹೂಮಾಲೆ ಎಷ್ಟು ಜೋಲುತ್ತದೆ, ಇಷ್ಟು ಗೊತ್ತಾದರೆ ಸಾಕು. ಆ ಹಾಳೆಗಳೇ ಇವು, ಎಚ್ಚಿಂಗ್ ಎಂಬ ವಿಧಾನದಲ್ಲಿ ತಾಮ್ರದ ತಗಡಿನಿಂದ ಅಚ್ಚು ಹಾಕಿದವು. ಗೋಡೆಗೆ ತೂಗುಹಾಕಲು ಬರೆದವು ಕಡಿಮೆ. ಕೆಲಸದ ಮೇಜಿನ ಮೇಲೆ ಹರಡಿಕೊಂಡು ನಕಲು ಮಾಡಲಿ ಅಂತಲೇ ಬರೆದವು ಜಾಸ್ತಿ.

ಇದೊಂದು ಮಾತು ನೆನಪಿಟ್ಟುಕೊಳ್ಳಿ. ಕೆಳಗೆ "ಒರಿಜಿನಲ್" ಪ್ರಶ್ನೆ ಬಂದಾಗ ಬೇಕಾಗುತ್ತದೆ.

ಎಚ್ಚಿಂಗ್ ಅಂದರೆ ಕೆತ್ತನೆಯೇ ಅಲ್ವಾ?

ಅಲ್ಲ. ಕೆತ್ತನೆಯಲ್ಲಿ ಬ್ಯೂರಿನ್ ಎಂಬ ಚೂಪಾದ ಉಕ್ಕಿನ ಉಳಿಯಿಂದ ತಾಮ್ರವನ್ನು ನೇರವಾಗಿ ಕೊರೆಯುತ್ತಾರೆ. ಅದಕ್ಕೆ ವರ್ಷಗಟ್ಟಲೆ ಪಳಗಿದ ಕೈ ಬೇಕು. ಎಚ್ಚಿಂಗಿನಲ್ಲಿ ಕೊರೆಯುವುದು ಆಸಿಡ್.

ತಾಮ್ರದ ತಗಡನ್ನು ಚೆನ್ನಾಗಿ ಉಜ್ಜಿ, ಬಿಸಿ ಮಾಡಿ, ಅದರ ಮೇಲೆ ತೆಳ್ಳಗೆ ಒಂದು ಲೇಪ ಬಳಿಯುತ್ತಾರೆ. ಜೇನುಮೇಣ, ರಾಳ, ಡಾಂಬರಿನ ಜಾತಿಯ ಅಸ್ಫಾಲ್ಟಮ್ ಸೇರಿದ ಈ ಲೇಪಕ್ಕೆ ಗ್ರೌಂಡ್ ಅಂತ ಹೆಸರು. ಮೇಣದ ಬತ್ತಿಯ ಹೊಗೆ ಹಿಡಿಸಿ ಅದನ್ನು ಕಪ್ಪಗಾಗಿಸುತ್ತಾರೆ. ಆಮೇಲೆ ಸೂಜಿಯಿಂದ ಚಿತ್ರ ಬರೆಯುವುದು. ಸೂಜಿ ಹೋದಲ್ಲೆಲ್ಲ ಲೇಪ ಕಿತ್ತು ತಾಮ್ರ ಮಿನುಗುತ್ತದೆ. ಕೈಗೆ ಭಾರವೇ ಇಲ್ಲ, ಕಾಗದದ ಮೇಲೆ ಪೆನ್ನು ಓಡಿಸಿದ ಹಾಗೆ.

ತಗಡನ್ನು ಆಸಿಡ್‌ಗೆ ಇಳಿಸಿದರೆ ತೆರೆದ ಗೆರೆಗಳನ್ನಷ್ಟೇ ಅದು ತಿನ್ನುತ್ತದೆ. ಸ್ವಲ್ಪ ಹೊತ್ತಿಗೆ ಹೊರತೆಗೆದು, ತೆಳುವಾಗಿಯೇ ಇರಬೇಕಾದ ಗೆರೆಗಳ ಮೇಲೆ ವಾರ್ನಿಷ್ ಬಳಿದು ಮುಚ್ಚಿ, ಮತ್ತೆ ಇಳಿಸುತ್ತಾರೆ. ಹೀಗೆ ಮೂರು ನಾಲ್ಕು ಸಲ. ಒಂದೇ ಸೂಜಿಯಿಂದ ಬರೆದ ಗೆರೆಗಳಲ್ಲಿ ಕೆಲವು ಕೂದಲಿನಷ್ಟು ಸಣ್ಣ, ಕೆಲವು ದಪ್ಪ ಆಗುವುದು ಹೀಗೆ. ದೂರದ ಗೋಡೆ ತಿಳಿಯಾಗಿ, ಹತ್ತಿರದ ಕಂಬ ಗಾಢವಾಗಿ ಕಾಣುವುದರ ಗುಟ್ಟೂ ಇದೇ.

ಕೊನೆಗೆ ಗ್ರೌಂಡ್ ಒರೆಸಿ ತೆಗೆದು, ತಗಡಿಗೆಲ್ಲ ಶಾಯಿ ಹಚ್ಚಿ, ಗಂಜಿ ಹಾಕಿದ ಜಾಳು ಬಟ್ಟೆಯಿಂದಲೂ ಅಂಗೈಯಿಂದಲೂ ಮೇಲ್ಮೈ ಒರೆಸುತ್ತಾರೆ. ಶಾಯಿ ಗೆರೆಯ ಗುಳಿಯಲ್ಲಿ ಮಾತ್ರ ಉಳಿಯಬೇಕು. ಒದ್ದೆ ಮಾಡಿದ ಕಾಗದ ಇಟ್ಟು ಎರಡು ಉರುಳೆಗಳ ನಡುವೆ ಒತ್ತಿದರೆ ಕಾಗದ ಗುಳಿಯೊಳಗೆ ಇಳಿದು ಶಾಯಿಯನ್ನು ಎತ್ತಿಕೊಂಡು ಬರುತ್ತದೆ. ಚಿತ್ರ ಎಡಬಲ ಅದಲುಬದಲಾಗಿ ಮೂಡುತ್ತದೆ. ಕಲಿಯುವಾಗ ನಾನು ಇದನ್ನು ಮರೆತು, ಒಂದು ತಗಡಿನ ಮೇಲೆ ನನ್ನ ಹೆಸರನ್ನು ನೆಟ್ಟಗೆ ಬರೆದು ಅಚ್ಚು ಹಾಕಿದ್ದೆ. ಕನ್ನಡಿಯಲ್ಲಿ ಮಾತ್ರ ಓದಬಹುದಾದ ಆ ಸಹಿ ಈಗಲೂ ನನ್ನ ಹತ್ತಿರ ಇದೆ.

ಎಚ್ಚಿಂಗ್ ಗೆರೆಯನ್ನೂ ಕೆತ್ತನೆಯ ಗೆರೆಯನ್ನೂ ಕಣ್ಣಲ್ಲೇ ಗುರುತಿಸಬಹುದಾ?

ಭೂತಗನ್ನಡಿ ಇದ್ದರೆ ಸುಲಭ. ಗೆರೆಯ ತುದಿ ನೋಡಿ. ಬ್ಯೂರಿನ್ ಗೆರೆ ಸಣ್ಣಗೆ ಶುರುವಾಗಿ, ನಡುವೆ ಉಬ್ಬಿ, ಮತ್ತೆ ಚೂಪಾಗಿ ಮುಗಿಯುತ್ತದೆ. ಎಚ್ಚಿಂಗ್ ಗೆರೆಯ ತುದಿ ಮೊಂಡು, ಅಂಚು ಸ್ವಲ್ಪ ಒರಟು. ಒಂದೇ ಹಾಳೆಯಲ್ಲಿ ಎರಡೂ ಕಂಡರೆ ಗಾಬರಿ ಬೇಡ. ಎಚ್ಚಿಂಗ್ ಮುಗಿಸಿ, ಕಡುಕಪ್ಪು ಬೇಕಾದ ಕಡೆ ಬ್ಯೂರಿನ್ ಆಡಿಸುವುದು ಆಗ ಎಲ್ಲರ ರೂಢಿ.

ಪಿರನೇಸಿ ಹೆಸರು ಎಲ್ಲ ಕಡೆ ಬರುತ್ತದೆ. ಅಷ್ಟು ದೊಡ್ಡವನಾ?

ಹೌದು, ಅಷ್ಟು ದೊಡ್ಡವನೇ. ಜೊವಾನ್ನಿ ಬಟ್ಟಿಸ್ಟಾ ಪಿರನೇಸಿ 1720ರಲ್ಲಿ ವೆನಿಸ್ ಬಳಿ ಹುಟ್ಟಿದ. ರೋಮಿನಲ್ಲಿ ಬದುಕಿ 1778ರಲ್ಲಿ ಅಲ್ಲೇ ತೀರಿಕೊಂಡ. ತನ್ನನ್ನು ವಾಸ್ತುಶಿಲ್ಪಿ ಅಂತ ಕರೆದುಕೊಳ್ಳುತ್ತಿದ್ದ. ಕಟ್ಟಿದ್ದು ತೀರಾ ಕಡಿಮೆ, ಕಾಗದದ ಮೇಲೆ ಕಟ್ಟಿದ್ದಕ್ಕೆ ಲೆಕ್ಕವಿಲ್ಲ. ಅವನು ಮತ್ತು ಅವನ ಮಕ್ಕಳು ಬಿಟ್ಟುಹೋದ ತಗಡುಗಳು ಸಾವಿರದ ಹತ್ತಿರ ಇವೆ. ರೋಮಿನ ನೋಟಗಳ ಸರಣಿಯೊಂದರಲ್ಲೇ ಸುಮಾರು 135.

ಅಲಂಕಾರದ ವಿಷಯಕ್ಕೆ ಬಂದರೆ ಎರಡು ಕೃತಿ ಮುಖ್ಯ. ಒಂದು 1769ರಲ್ಲಿ ಬಂದದ್ದು. ಬೆಂಕಿಗೂಡುಗಳನ್ನು ಎಷ್ಟು ಬಗೆಯಲ್ಲಿ ಸಿಂಗರಿಸಬಹುದು ಅಂತ ತೋರಿಸುವ ಪುಸ್ತಕ. ಇಟಾಲಿಯನ್, ಇಂಗ್ಲಿಷ್, ಫ್ರೆಂಚ್ ಮೂರರಲ್ಲೂ ಬರಹ ಇತ್ತು. ಗಿರಾಕಿ ಯಾರು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು! ಎರಡನೆಯದು 1778ರ ಹೂದಾನಿ, ದೀಪಸ್ತಂಭ, ಕಲ್ಲುಪೆಟ್ಟಿಗೆಗಳ ಸಂಗ್ರಹ. ಪಿರನೇಸಿಗೆ ಹಳೆಯ ಶಿಲ್ಪಗಳ ವ್ಯಾಪಾರವೂ ಇತ್ತು. ತಿವೊಲಿಯ ಹೇಡ್ರಿಯನ್ ಚಕ್ರವರ್ತಿಯ ಅರಮನೆ ಜಾಗದಲ್ಲಿ ಸಿಕ್ಕ ಚೂರುಗಳನ್ನು ಜೋಡಿಸಿ, ಇಲ್ಲದ ಭಾಗ ಹೊಸದಾಗಿ ಮಾಡಿಸಿ ಮಾರುತ್ತಿದ್ದ. ಆ ವಸ್ತುಗಳೂ ಈ ಎಚ್ಚಿಂಗ್‌ಗಳಲ್ಲಿ ಬಂದಿವೆ, ಯಾರ ಬಳಿ ಇದೆ ಅನ್ನುವ ವಿವರದ ಸಮೇತ. ಅಂದರೆ ಚಿತ್ರವೇ ಜಾಹೀರಾತು. ಸರ್ ರೋಜರ್ ನ್ಯೂಡಿಗೇಟ್ ಕೊಂಡ ಎರಡು ದೀಪಸ್ತಂಭ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿ ಇವೆ. ಅವುಗಳಲ್ಲಿ ಹಳೆಯ ಕಲ್ಲು ಎಷ್ಟು, ಪಿರನೇಸಿ ಸೇರಿಸಿದ್ದು ಎಷ್ಟು ಅಂತ ಲೆಕ್ಕ ಹಾಕುವುದೇ ವಿದ್ವಾಂಸರಿಗೆ ಒಂದು ಕೆಲಸ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ರೋಮಿನ ಪಿಯಾಜಾ ದಿ ಸ್ಪಾನ್ಯಾದಲ್ಲಿ ಇಂಗ್ಲಿಷರು ಸೇರುತ್ತಿದ್ದ ಒಂದು ಕಾಫಿ ಅಂಗಡಿ ಇತ್ತು. ಅದರ ಗೋಡೆಗಳಿಗೆ ಪಿರನೇಸಿ ಈಜಿಪ್ಟ್ ಶೈಲಿಯ ಚಿತ್ರ ಬರೆಸಿದ್ದ. ಸ್ಫಿಂಕ್ಸ್, ಮೊಸಳೆ, ಪಿರಮಿಡ್ ಎಲ್ಲ. ಆ ಕೋಣೆ ಈಗ ಇಲ್ಲ. ಅದು ಹೇಗಿತ್ತು ಅಂತ ಇವತ್ತು ಕಾಣುವುದು 1769ರ ಪುಸ್ತಕದ ಎರಡು ಎಚ್ಚಿಂಗ್‌ಗಳಿಂದ.

ಪಿರನೇಸಿಯ ಚಿತ್ರ ನೋಡಿ ಅಳತೆ ತೆಗೆಯಬಹುದಾ?

ಬೇಡ. ಅವನ ಕಂಬಗಳು ನಿಜಕ್ಕಿಂತ ಎತ್ತರ, ಅವನ ಮನುಷ್ಯರು ನಿಜಕ್ಕಿಂತ ಕುಳ್ಳ. ಅಲಂಕಾರದಲ್ಲೂ ಅಷ್ಟೇ, ಕಲ್ಲಿನಲ್ಲಿ ಸವೆದು ಹೋದದ್ದನ್ನು ತನ್ನ ಕಲ್ಪನೆಯಿಂದ ತುಂಬಿಬಿಡುತ್ತಾನೆ. ಚಿತ್ರವಾಗಿ ನೋಡಲು ಅವನನ್ನು ಮೀರಿಸುವವರಿಲ್ಲ. ಗಾರೆಯಲ್ಲೋ ಮರದಲ್ಲೋ ಮಾಡಿಸಲು ಹೊರಟಿದ್ದರೆ ಮುಂದಿನ ಪ್ರಶ್ನೆಯವನನ್ನು ಹಿಡಿಯಿರಿ.

ಟೇಥಮ್ ಯಾರು? ಹೆಸರೇ ಕೇಳಿಲ್ಲವಲ್ಲ?

ಕೇಳದೆ ಇರುವುದು ನಿಮ್ಮ ತಪ್ಪಲ್ಲ. ಚಾರ್ಲ್ಸ್ ಹೀತ್‌ಕೋಟ್ ಟೇಥಮ್, 1772ರಿಂದ 1842. ಲಂಡನ್ನಿನ ಹುಡುಗ, ಹೆನ್ರಿ ಹಾಲೆಂಡ್ ಎಂಬ ವಾಸ್ತುಶಿಲ್ಪಿಯ ಕಚೇರಿಯಲ್ಲಿ ಕೆಲಸ. ಹಾಲೆಂಡ್ ಆಗ ಯುವರಾಜನ ಮನೆಯಾದ ಕಾರ್ಲ್‌ಟನ್ ಹೌಸನ್ನು ನವೀಕರಿಸುತ್ತಿದ್ದ. ಅಲಂಕಾರಕ್ಕೆ ಹಳೆಯ ಮಾದರಿಗಳು ಬೇಕಾಗಿದ್ದವು. 1794ರಲ್ಲಿ ಇಪ್ಪತ್ತೆರಡರ ಹುಡುಗನನ್ನು ಇಟಲಿಗೆ ಕಳಿಸಿದ. ಟೇಥಮ್ 1796ರವರೆಗೂ ಅಲ್ಲಿದ್ದು ಅಳೆದ, ಬರೆದ, ಸಿಕ್ಕ ಕಲ್ಲಿನ ಚೂರುಗಳನ್ನು ಕೊಂಡು ಹಾಲೆಂಡ್‌ಗೆ ಕಳಿಸಿದ. ಆ ಚೂರುಗಳು ಈಗ ಲಂಡನ್ನಿನ ಸರ್ ಜಾನ್ ಸೋನ್ ಮ್ಯೂಸಿಯಮ್ಮಿನ ಗೋಡೆಗಳ ಮೇಲಿವೆ. ಅವನು ವಾಪಸಾದ ವರ್ಷವೇ ನೆಪೋಲಿಯನ್ನನ ಸೈನ್ಯ ಇಟಲಿಗೆ ನುಗ್ಗಿತು.

ಬರೆದದ್ದೆಲ್ಲ 1799ರಲ್ಲಿ ದೊಡ್ಡ ಪುಸ್ತಕವಾಗಿ ಲಂಡನ್ನಿನಲ್ಲಿ ಹೊರಬಂತು. ಹೆಸರಿನಲ್ಲೇ ಎಚ್ಚಿಂಗ್ಸ್ ಅಂತ ಇದೆ. 1803, 1810ರಲ್ಲಿ ಮತ್ತೆ ಅಚ್ಚಾಯಿತು. 1805ರಲ್ಲಿ ಜರ್ಮನಿಯ ವೈಮರ್‌ನಲ್ಲೂ ಬಂತು. ಒಳಗೆ ನೋಡಿದರೆ ಪಿರನೇಸಿಯ ಗುಡುಗು ಸಿಡಿಲು ಏನೂ ಇಲ್ಲ. ಗೆರೆಯೇ ಪ್ರಧಾನ, ನೆರಳು ತೀರಾ ಕಡಿಮೆ. ಒಂದು ಹಾಳೆಯಲ್ಲಿ ಒಂದು ಗ್ರಿಫಿನ್, ಅಂದರೆ ಸಿಂಹದ ಮೈಗೆ ಹದ್ದಿನ ತಲೆ. ಇನ್ನೊಂದರಲ್ಲಿ ಒಂದು ಕಲ್ಲಿನ ಕುರ್ಚಿ. ಮುನ್ನುಡಿಯಲ್ಲಿ ಅವನು ಪಿರನೇಸಿಯ ಪ್ರತಿಭೆಗೆ ಕೈ ಮುಗಿಯುತ್ತಲೇ, ಅವನು ಆಗಾಗ ನಿಖರತೆಯನ್ನು ತನ್ನ ಕಲ್ಪನೆಗೆ ಬಲಿ ಕೊಟ್ಟ ಅಂತ ನಯವಾಗಿ ಚುಚ್ಚುತ್ತಾನೆ.

ಮೊದಲು ನೋಡಿದಾಗ ನನಗೆ ಇದು ಸಪ್ಪೆ ಅನ್ನಿಸಿತ್ತು. ಒಂದು ಎಲೆಯನ್ನು ಜೇಡಿಮಣ್ಣಿನಲ್ಲಿ ಮಾಡಲು ಕೂತ ದಿನ ಅಭಿಪ್ರಾಯ ಬದಲಾಯಿತು. ಟೇಥಮ್‌ನ ಗೆರೆ ಹಿಡಿದು ಹೋದರೆ ಕೈ ತಡವರಿಸುವುದಿಲ್ಲ. ಪಿರನೇಸಿಯ ನೆರಳಿನಲ್ಲಿ ಎಲೆಯ ಅಂಚು ಎಲ್ಲಿ ಅಂತ ಹುಡುಕಿ ಹುಡುಕಿ ಸಾಕಾಗಿತ್ತು.

ಈ ಹಾಳೆಗಳಿಂದ ನಿಜವಾಗಿ ಏನಾದರೂ ಮಾಡಿದರಾ?

ಮಾಡಿದರು, ರಾಶಿ ರಾಶಿ. ನೇಪಲ್ಸಿನಲ್ಲಿದ್ದ ಸರ್ ವಿಲಿಯಮ್ ಹ್ಯಾಮಿಲ್ಟನ್ ಎಂಬ ರಾಯಭಾರಿಯ ಹೂದಾನಿ ಸಂಗ್ರಹದ ಚಿತ್ರಗಳು ಪುಸ್ತಕವಾಗಿ ಬರುತ್ತಿದ್ದವು. ಕುಂಬಾರಿಕೆಯ ಜೊಸಾಯ ವೆಜ್‌ವುಡ್‌ಗೆ ಆ ಹಾಳೆಗಳು ಸಿಕ್ಕವು. 1769ರ ಜೂನ್ 13ರಂದು ತನ್ನ ಹೊಸ ಕಾರ್ಖಾನೆ ಎಟ್ರೂರಿಯಾ ತೆರೆದ ದಿನ ಅವನೇ ಕೂತು ಆರು ಹೂದಾನಿ ತಿರುಗಿಸಿದ. ಪಾಲುದಾರ ಬೆಂಟ್ಲಿ ಚಕ್ರ ಸುತ್ತಿದ. ಅವುಗಳ ಮೇಲಿನ ಮನುಷ್ಯರ ಚಿತ್ರ ಬಂದದ್ದು ಹ್ಯಾಮಿಲ್ಟನ್ ಪುಸ್ತಕದಿಂದ. ಗ್ರೀಕ್ ಪಾತ್ರೆಯಿಂದ ತಾಮ್ರಕ್ಕೆ, ತಾಮ್ರದಿಂದ ಕಾಗದಕ್ಕೆ, ಕಾಗದದಿಂದ ಮತ್ತೆ ಪಾತ್ರೆಗೆ!

ಅದೇ ವರ್ಷ ಎಲಿನರ್ ಕೋಡ್ ಎಂಬಾಕೆ ಲಂಡನ್ನಿನ ಲ್ಯಾಂಬೆತ್‌ನಲ್ಲಿ ಸುಟ್ಟ ಮಣ್ಣಿನ ಕೃತಕ ಕಲ್ಲಿನ ಕಾರ್ಖಾನೆ ಕೈಗೆ ತಗೊಂಡಳು. ಸ್ಫಿಂಕ್ಸ್, ಬೋದಿಗೆ, ಹೂದಾನಿ ಎಲ್ಲವನ್ನೂ ಅಚ್ಚಿಗೆ ಒತ್ತಿ, ಸುಟ್ಟು ಮಾರಿದಳು. ವಾಸ್ತುಶಿಲ್ಪಿ ರಾಬರ್ಟ್ ಆಡಮ್‌ನ ಛಾವಣಿಗಳ ಬಳ್ಳಿ ಸುರುಳಿಯನ್ನು ಗಾರೆಯಲ್ಲಿ ಮಾಡಿದರು. ಮರದ ಮೇಲಿನ ಸಣ್ಣ ಕೆಲಸಕ್ಕೆ ಕಾಂಪೋ ಎಂಬ ಹಿಟ್ಟು ಬಂತು. ಸೀಮೆಸುಣ್ಣದ ಪುಡಿ, ಅಂಟು, ಅಗಸೆ ಎಣ್ಣೆ, ರಾಳ ಕಲಸಿ, ಕೊರೆದ ಮರದ ಅಚ್ಚಿಗೆ ಒತ್ತಿ ತೆಗೆಯುವುದು. ನಮ್ಮ ಚಕ್ಕುಲಿ ಒರಳಿಗಿಂತ ಸಕ್ಕರೆ ಅಚ್ಚಿಗೆ ಹತ್ತಿರ ಅನ್ನಿ. ಆಡಮ್ ಸಹೋದರರು ತಮ್ಮ ಮನೆಗಳ ಚಿತ್ರಗಳನ್ನು 1773ರಿಂದ ಕಂತು ಕಂತಾಗಿ ಅಚ್ಚು ಹಾಕಿಸಿದ್ದರಿಂದ, ಅವರನ್ನು ಕಂಡೇ ಇರದ ಊರುಗಳಲ್ಲೂ ಆಡಮ್ ಛಾವಣಿಗಳು ಎದ್ದವು.

ನಮ್ಮ ದೇಶಕ್ಕೂ ಒಂದು ಕೊಂಡಿ ಇದೆ. ಕೋಲ್ಕತ್ತದಲ್ಲಿ ರಾಜಭವನ ಎಂದೇ ಹೆಸರಾದ ರಾಜ್ಯಪಾಲರ ನಿವಾಸ 1799ರಿಂದ 1803ರ ನಡುವೆ ಕಟ್ಟಿದ್ದು. ಇಂಗ್ಲೆಂಡಿನ ಡರ್ಬಿಶೈರ್‌ನ ಕೆಡಲ್‌ಸ್ಟನ್ ಹಾಲ್ ಅದರ ಮಾದರಿ, ಆಡಮ್‌ನ ಹೆಸರಾಂತ ಕೆಲಸ. ನಕ್ಷೆ ಮಾಡಿದ ಚಾರ್ಲ್ಸ್ ವ್ಯಾಟ್‌ನ ಚಿಕ್ಕಪ್ಪ ದೊಡ್ಡಪ್ಪಂದಿರಲ್ಲಿ ಒಬ್ಬ ಕೆಡಲ್‌ಸ್ಟನ್‌ನಲ್ಲಿ ಕೆಲಸದ ಉಸ್ತುವಾರಿ ನೋಡಿದವನು. ಆ ಮನೆಯ ನಕ್ಷೆಗಳಂತೂ ಅಷ್ಟರಲ್ಲಾಗಲೇ ಅಚ್ಚಾಗಿ ಯಾರ ಕೈಗೆ ಬೇಕಾದರೂ ಸಿಗುತ್ತಿದ್ದವು.

ನನ್ನ ಹತ್ತಿರ ಇರುವುದು "ಒರಿಜಿನಲ್" ಹೌದಾ?

ಯಾವ ಅರ್ಥದಲ್ಲಿ ಕೇಳುತ್ತೀರಿ ಅನ್ನುವುದರ ಮೇಲೆ ಹೋಗುತ್ತದೆ. ಪಿರನೇಸಿಯ ತಗಡುಗಳ ಕಥೆ ಕೇಳಿ. ಅವನ ಕಾಲದಲ್ಲಿ ರೋಮಿನಲ್ಲಿ ಅಚ್ಚಾದವು. ಸತ್ತ ಮೇಲೆ ಮಕ್ಕಳು ಮುಂದುವರಿಸಿದರು. 1799ರಲ್ಲಿ ತಗಡುಗಳನ್ನು ಹೊತ್ತುಕೊಂಡು ಪ್ಯಾರಿಸ್‌ಗೆ ಹೋದರು. ಅಲ್ಲಿ ಅಚ್ಚಾಯಿತು. ಆಮೇಲೆ ಫರ್ಮಾಂ ದಿದೊ ಎಂಬ ಪ್ಯಾರಿಸ್ ಪ್ರಕಾಶಕರು 1835ರಿಂದ 1839ರವರೆಗೆ ಅಚ್ಚು ಹಾಕಿದರು. 1839ರಲ್ಲಿ ಪೋಪ್ ಸರ್ಕಾರ ಅವನ್ನು ಕೊಂಡು ರೋಮಿಗೆ ವಾಪಸ್ ತಂದಿತು. ಅಲ್ಲಿನ ಕಾಲ್ಕೊಗ್ರಫಿಯಾ ಎಂಬ ಸರ್ಕಾರಿ ಅಚ್ಚುಕೂಟದಲ್ಲಿ ಮತ್ತೆ ಅಚ್ಚಾಯಿತು, ಇಪ್ಪತ್ತನೇ ಶತಮಾನದಲ್ಲೂ. ತಗಡುಗಳು ಈಗ ರೋಮಿನಲ್ಲೇ, ಟ್ರೆವಿ ಕಾರಂಜಿಯ ಪಕ್ಕದ ಸರ್ಕಾರಿ ಗ್ರಾಫಿಕ್ಸ್ ಸಂಸ್ಥೆಯಲ್ಲಿ ಇವೆ.

ಇವೆಲ್ಲ ಅದೇ ತಗಡಿನ ಅಚ್ಚುಗಳೇ. ಸುಳ್ಳು ಅಂತ ಯಾವುದನ್ನೂ ಹೇಳಲಾಗದು. ಆದರೆ ತಾಮ್ರ ಮೆದು. ಪ್ರತಿ ಸಲ ಒರೆಸಿದಾಗ, ಒತ್ತಿದಾಗ ಸವೆಯುತ್ತದೆ. ಮೊದಲು ಸಾಯುವುದು ಆಕಾಶದ, ದೂರದ ಕಟ್ಟಡಗಳ ತೆಳು ಗೆರೆಗಳು. ಹತ್ತೊಂಬತ್ತನೇ ಶತಮಾನದಲ್ಲಿ ತಾಮ್ರದ ಮೇಲೆ ಉಕ್ಕಿನಂಥ ತೆಳು ಕಬ್ಬಿಣದ ಪದರ ಹತ್ತಿಸುವ ವಿಧಾನ ಬಂದ ಮೇಲೆ ಸವೆತ ನಿಂತಿತು, ಅಚ್ಚು ಮಾತ್ರ ಸ್ವಲ್ಪ ಒಣಕಲಾಯಿತು.

ಹಾಗಾಗಿ ಯಾರಾದರೂ ಒರಿಜಿನಲ್ ಅಂದರೆ, "ಯಾವ ಊರಿನ, ಯಾವ ಕಾಲದ ಅಚ್ಚು?" ಅಂತ ಕೇಳಿ. ಉತ್ತರ ಬರದಿದ್ದರೆ ಬೆಲೆಯ ಮಾತಿಗೆ ಹೋಗಬೇಡಿ.

ಎಚ್ಚಿಂಗ್ ಅಚ್ಚೋ, ಪ್ರೆಸ್ಸಿನಲ್ಲಿ ಮಾಡಿದ ಫೋಟೊ ನಕಲೋ? ಹೇಗೆ ತಿಳಿಯುವುದು?

ಹತ್ತು ಪಟ್ಟಿನ ಭೂತಗನ್ನಡಿ ತಗೊಳ್ಳಿ. ಬೂದು ಬಣ್ಣದ ಜಾಗ ಚುಕ್ಕೆ ಚುಕ್ಕೆಯಾಗಿ, ಜೇನುಗೂಡಿನ ಸಾಲಿನ ಹಾಗೆ ಕಂಡರೆ ಅದು ಹಾಫ್‌ಟೋನ್, ಅಂದರೆ ಪ್ರೆಸ್ಸಿನ ಫೋಟೊ ನಕಲು. ಅಲ್ಲಿಗೆ ಕಥೆ ಮುಗಿಯಿತು. ವಿದೇಶದ ಒಂದು ಹಳೆ ಸಾಮಾನಿನ ಸಂತೆಯಲ್ಲಿ ನಾನು ಬಹಳ ಚೌಕಾಸಿ ಮಾಡಿ ಒಂದು ಹಾಳೆ ತಂದೆ. ರೂಮಿಗೆ ಬಂದು ಕನ್ನಡಿ ಹಿಡಿದರೆ ಚುಕ್ಕೆಗಳೇ ಚುಕ್ಕೆಗಳು. ಕನ್ನಡಿ ಬ್ಯಾಗಿನಲ್ಲೇ ಇತ್ತು, ಅಲ್ಲಿ ತೆಗೆಯಲು ಸಂಕೋಚ ಆಗಿತ್ತು ಅಷ್ಟೇ.

ಚುಕ್ಕೆ ಇಲ್ಲದಿದ್ದರೆ ಮುಂದಿನ ಪರೀಕ್ಷೆ. ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ನಿಜವಾದ ಎಚ್ಚಿಂಗಿನಲ್ಲಿ ದಪ್ಪ ಗೆರೆಯ ಶಾಯಿ ಕಾಗದದಿಂದ ಒಂದು ಕೂದಲಷ್ಟು ಎದ್ದಿರುತ್ತದೆ. ಚಿತ್ರದ ಸುತ್ತ ತಗಡಿನ ಅಂಚು ಒತ್ತಿದ ತಗ್ಗು ಚೌಕ ಕಾಣಬೇಕು. ಆದರೆ ಅಂಚನ್ನು ಕತ್ತರಿಸಿದ ಹಾಳೆಗಳೂ ಉಂಟು, ಖಾಲಿ ತಗಡು ಒತ್ತಿ ಸುಳ್ಳು ಗುರುತು ಮೂಡಿಸಿದ ನಕಲುಗಳೂ ಉಂಟು.

ಕಷ್ಟ ಕೊಡುವುದು ಹೀಲಿಯೋಗ್ರಾವ್ಯೂರ್, ಅಂದರೆ ಫೋಟೊದಿಂದ ತಾಮ್ರಕ್ಕೆ ಇಳಿಸಿ ಆಸಿಡ್‌ನಲ್ಲೇ ಕೊರೆದ ನಕಲು. ಅದರಲ್ಲಿ ತಗಡಿನ ಗುರುತು ನಿಜ, ಎದ್ದ ಶಾಯಿಯೂ ನಿಜ. ಗೆರೆಗಳ ಆಳ ಮಾತ್ರ ಎಲ್ಲ ಕಡೆ ಒಂದೇ ಸಮ ಇರುತ್ತದೆ, ಮೂರು ನಾಲ್ಕು ಸಲ ಆಸಿಡ್‌ಗೆ ಇಳಿಸಿದ ಏರಿಳಿತ ಇರುವುದಿಲ್ಲ. ಇದನ್ನು ಗುರುತಿಸಲು ಒಂದು ಒಳ್ಳೆಯ ಅಚ್ಚನ್ನು ಪಕ್ಕದಲ್ಲಿಟ್ಟು ನೋಡಿದ ಅಭ್ಯಾಸವೇ ಬೇಕು.

ಕಾಗದದಿಂದ ಕಾಲ ತಿಳಿಯುತ್ತದಾ?

ಸುಮಾರಾಗಿ ತಿಳಿಯುತ್ತದೆ. ಬೆಳಕಿಗೆ ಹಿಡಿದರೆ ಹಳೆಯ ಲೇಯ್ಡ್ ಕಾಗದದಲ್ಲಿ ಒತ್ತೊತ್ತಾದ ಸಣ್ಣ ಗೆರೆಗಳೂ, ಅವಕ್ಕೆ ಅಡ್ಡಲಾಗಿ ಸುಮಾರು ಒಂದು ಇಂಚಿಗೊಂದು ದಪ್ಪ ಗೆರೆಯೂ ಕಾಣುತ್ತವೆ. ತಂತಿ ಜಾಲರಿಯ ಗುರುತು ಅದು. ಗೆರೆಗಳಿಲ್ಲದ ನುಣುಪಾದ ವೋವ್ ಕಾಗದ ಇಂಗ್ಲೆಂಡಿನಲ್ಲಿ 1757ರ ಹೊತ್ತಿಗೆ ಬಂತು. ನೀರಚ್ಚು (ವಾಟರ್‌ಮಾರ್ಕ್) ಕಂಡರೆ ಫೋಟೊ ತೆಗೆದಿಟ್ಟುಕೊಳ್ಳಿ, ಹೋಲಿಸಲು ಪಟ್ಟಿಗಳಿವೆ.

ಹಾಳೆಯ ಮೇಲಿನ ಅಕ್ಷರಗಳನ್ನೂ ಓದಿ. ಪಿರನೇಸಿ 1761ರಲ್ಲಿ ಪಲಾಜೊ ತೊಮಾತಿ ಎಂಬ ಕಟ್ಟಡಕ್ಕೆ ಅಂಗಡಿ ಬದಲಿಸಿದ. ಆಮೇಲಿನ ಅಚ್ಚುಗಳಲ್ಲಿ ಆ ವಿಳಾಸವೂ ಎರಡೂವರೆ ಪಾವೊಲಿ (ಆಗಿನ ರೋಮಿನ ನಾಣ್ಯ) ಅನ್ನುವ ಬೆಲೆಯೂ ಬರುತ್ತದೆ. ವಿಳಾಸ ಅಳಿಸಿ ಹೋಗಿದ್ದರೆ, ಮೇಲೆ ಹೊಸ ಅಂಕಿ ಸೇರಿದ್ದರೆ ಅದು ಪ್ಯಾರಿಸ್ ಕಡೆಗೆ ಕೈ ತೋರಿಸುತ್ತದೆ.

ಬಣ್ಣ ಹಚ್ಚಿದ ಪಿರನೇಸಿ ನೋಡಿದೆ. ತಗೊಳ್ಳಲಾ?

ಚೆನ್ನಾಗಿ ಕಂಡರೆ ತಗೊಳ್ಳಿ. ಅವನು ಅಚ್ಚು ಹಾಕಿದ್ದು ಕಪ್ಪು ಶಾಯಿಯಲ್ಲಿ. ಬಣ್ಣ ನಂತರ ಯಾರೋ ಹಚ್ಚಿದ್ದು.

ಇವನ್ನು ನಾನು ಅಚ್ಚು ಹಾಕಿ ಮಾರಬಹುದಾ? ಕಾಪಿರೈಟ್ ಇಲ್ವಾ?

ಭಾರತದ ಕಾಯ್ದೆಯಲ್ಲಿ ಕಲಾವಿದ ಸತ್ತ ನಂತರ 60 ವರ್ಷ ಹಕ್ಕು ಇರುತ್ತದೆ. ಪಿರನೇಸಿ ಸತ್ತು ಎರಡೂವರೆ ಶತಮಾನ ಆಗುತ್ತಾ ಬಂತು, ಟೇಥಮ್ ಹೋಗಿ ನೂರೆಂಬತ್ತು ವರ್ಷದ ಮೇಲಾಯಿತು. ಚಿತ್ರಕ್ಕೆ ಹಕ್ಕಿಲ್ಲ. ತೊಡಕು ಇರುವುದು ಆ ಚಿತ್ರದ ಫೋಟೊ ಅಥವಾ ಸ್ಕ್ಯಾನಿನಲ್ಲಿ. ಕೆಲವು ಸಂಗ್ರಹಾಲಯಗಳು ತಮ್ಮ ಫೋಟೊವನ್ನು ವ್ಯಾಪಾರಕ್ಕೆ ಬಳಸಬಾರದು ಅನ್ನುತ್ತವೆ. ಆ ಷರತ್ತು ಎಷ್ಟರ ಮಟ್ಟಿಗೆ ನಿಲ್ಲುತ್ತದೆ ಅನ್ನುವುದು ದೇಶದಿಂದ ದೇಶಕ್ಕೆ ಬೇರೆ. ತಲೆನೋವು ಬೇಡ ಅಂದರೆ ಮುಕ್ತವಾಗಿ ಬಿಟ್ಟುಕೊಟ್ಟ ಕಡೆಯಿಂದಲೇ ತಗೊಳ್ಳಿ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ 2017ರ ಫೆಬ್ರವರಿಯಲ್ಲಿ ತನ್ನ ಹಕ್ಕುಮುಕ್ತ ಕೃತಿಗಳ ಚಿತ್ರಗಳನ್ನು ಸಿಸಿ ಝೀರೊ ಅಡಿಯಲ್ಲಿ, ಅಂದರೆ ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಲಿ ಅಂತ, ಬಿಟ್ಟುಕೊಟ್ಟಿತು. ಪಿರನೇಸಿಯ ಬೆಂಕಿಗೂಡಿನ ಪುಸ್ತಕವೂ ಅಲ್ಲಿದೆ. ಟೋಕಿಯೊ ವಿಶ್ವವಿದ್ಯಾಲಯ ತನ್ನಲ್ಲಿರುವ ಪ್ಯಾರಿಸ್ ಮುದ್ರಣದ ಪಿರನೇಸಿ ಸಂಪುಟಗಳನ್ನು ಆನ್‌ಲೈನ್ ಇಟ್ಟಿದೆ. ಅಲ್ಲಿಂದ ಬಳಸುವ ಮುನ್ನ ಷರತ್ತು ಓದಿಕೊಳ್ಳಿ.

ಸ್ಕ್ಯಾನ್ ಮಾಡಿದರೆ ಅಲೆ ಅಲೆಯಾಗಿ ಬರುತ್ತದೆ. ಏನು ಮಾಡಲಿ?

ಆ ಅಲೆಗೆ ಮ್ವಾರೆ ಅನ್ನುತ್ತಾರೆ. ಒತ್ತಾದ ಗೆರೆಗಳ ಸಾಲು ಒಂದು, ಸ್ಕ್ಯಾನರಿನ ಪಿಕ್ಸೆಲ್ ಸಾಲು ಇನ್ನೊಂದು. ಎರಡು ಸೊಳ್ಳೆಪರದೆಗಳನ್ನು ಒಂದರ ಮೇಲೊಂದು ಹಾಕಿದರೆ ಕಾಣುವ ಅಲೆಗಳ ಹಾಗೆ.

ಎಚ್ಚಿಂಗಿನ ತೆಳು ಗೆರೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಇರಬಹುದು. 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ, ಅಂಥ ಗೆರೆಗೆ ಸಿಗುವುದು ಒಂದಕ್ಕಿಂತ ಸ್ವಲ್ಪ ಜಾಸ್ತಿ ಪಿಕ್ಸೆಲ್ ಅಷ್ಟೇ. ಗೆರೆ ಕಡಿದು ಕಡಿದು ಬರುತ್ತದೆ. 600ರಲ್ಲಿ ಎರಡಕ್ಕಿಂತ ಜಾಸ್ತಿ ಸಿಗುತ್ತದೆ. ಅದಕ್ಕಿಂತ ಕೆಳಗೆ ಇಳಿಯಬೇಡಿ. ಎ2 ಅಳತೆಯ ಹಾಳೆಗೆ ಸುಮಾರು 14 ಕೋಟಿ ಪಿಕ್ಸೆಲ್ ಆಗುತ್ತದೆ. ಫೈಲ್ ದಪ್ಪ, ಆದರೂ ಪರವಾಗಿಲ್ಲ.

ಬರೀ ಕಪ್ಪು ಬಿಳುಪಿನ ಮೋಡಿನಲ್ಲಿ ಸ್ಕ್ಯಾನ್ ಮಾಡುವ ಆಸೆ ಎಲ್ಲರಿಗೂ ಬರುತ್ತದೆ, ಚಿತ್ರ ಗೆರೆಗಳದ್ದೇ ತಾನೆ ಅಂತ. ಬೇಡ. ಬಣ್ಣದಲ್ಲೇ ತೆಗೆದು, ಬೇಕಿದ್ದರೆ ಆಮೇಲೆ ಬೂದಿಗೆ ಬದಲಿಸಿ. ಒರೆಸುವಾಗ ತಗಡಿನ ಮೇಲೆ ಉಳಿದ ಶಾಯಿಯ ತೆಳು ಮಬ್ಬು ಇರುತ್ತದೆಯಲ್ಲ, ಕಪ್ಪು ಬಿಳುಪು ಮಾಡಿದ ಕೂಡಲೇ ಅದು ಸತ್ತುಹೋಗುತ್ತದೆ. ಶಾರ್ಪನ್ ಗುಂಡಿ ಕಡೆ ಕೈ ಹೋಗದಿರಲಿ.

ಫೈಲ್ ಇದೆ. ಚೆನ್ನಾಗಿ ಪ್ರಿಂಟ್ ಹಾಕಿಸುವುದು ಹೇಗೆ?

ಹೊಳಪಿಲ್ಲದ ಹತ್ತಿ ಕಾಗದ, ಒಳ್ಳೆ ಇಂಕ್‌ಜೆಟ್. ಮೂಲ ಅಳತೆಯಲ್ಲೇ ಹಾಕಿಸಿ. ಪಿರನೇಸಿಯ ರೋಮ್ ನೋಟವನ್ನು ಎ4ಕ್ಕೆ ಕುಗ್ಗಿಸಿದರೆ ಗೆರೆಗಳೆಲ್ಲ ಸೇರಿ ಮಸಿ ಮೆತ್ತಿದ ಹಾಗಾಗುತ್ತದೆ. ಜಾಗ ಇಲ್ಲದಿದ್ದರೆ ಇಡೀ ಚಿತ್ರ ಬಿಟ್ಟು ಒಂದು ಮೂಲೆಯನ್ನಷ್ಟೇ ಆರಿಸಿ. ಕಾಗದದ ಹಳದಿಯನ್ನು ಪ್ರಿಂಟ್ ಮಾಡಿಸಬೇಡಿ, ಬಿಳಿ ಬಿಡಿ. ಹಳೇ ಕಾಗದದ ಫೋಟೊ ಹೊಸ ಕಾಗದದ ಮೇಲೆ ಕೂತರೆ ಅದು ಹೋಟೆಲ್ ಗೋಡೆಯ ಚಿತ್ರ.

ವೆಕ್ಟರ್ ಮಾಡಿ ಸಿಎನ್‌ಸಿಗೆ ಕೊಡಬಹುದಾ?

ವೆಕ್ಟರ್ ಅಂದರೆ ಚಿತ್ರವನ್ನು ಕಂಪ್ಯೂಟರಿನಲ್ಲಿ ಬರೀ ಗೆರೆಗಳಾಗಿ ಬದಲಿಸಿದ ಫೈಲ್, ಸಿಎನ್‌ಸಿ ಅಂದರೆ ಆ ಗೆರೆ ಹಿಡಿದು ತಾನೇ ಕೊರೆಯುವ ಯಂತ್ರ. ಟೇಥಮ್ ಆದರೆ ಕೊಡಬಹುದು. ತಂತ್ರಾಂಶ ತಾನೇ ಗೆರೆ ಹಿಡಿದರೆ ಎಲೆಯ ತುದಿಗಳು ಮೊಂಡಾಗುತ್ತವೆ, ಅವನ್ನು ಕೈಯಲ್ಲಿ ತಿದ್ದಬೇಕು. ಇನ್ನೊಂದು ಮಾತು, ಚಿತ್ರದಲ್ಲಿ ಆಳ ಇರುವುದಿಲ್ಲ. ಎಲೆ ಎಷ್ಟು ಉಬ್ಬಿದೆ ಅಂತ ನೀವೇ ತೀರ್ಮಾನಿಸಬೇಕು. ಮ್ಯಾಡ್ರಿಡ್ಡಿನ ಫ್ಯಾಕ್ಟಮ್ ಆರ್ಟೆ ಎಂಬ ಕಾರ್ಯಾಗಾರ ಪಿರನೇಸಿ ಬರೆದ ಪೀಠ, ಹೂದಾನಿ, ದೀಪಸ್ತಂಭಗಳನ್ನು ಎಚ್ಚಿಂಗ್‌ಗಳಿಂದಲೇ ಕಂಪ್ಯೂಟರಿನಲ್ಲಿ ಕಟ್ಟಿ, ನಿಜವಾದ ವಸ್ತುಗಳಾಗಿ ಮಾಡಿ 2010ರಲ್ಲಿ ವೆನಿಸ್‌ನಲ್ಲಿ ತೋರಿಸಿತು. 240 ವರ್ಷ ಕಾಗದದಲ್ಲೇ ಇದ್ದ ಕೆಲವು ವಸ್ತುಗಳಿಗೆ ಮೊದಲ ಸಲ ಬೆನ್ನು ಬಂತು.

ಮನೆಯಲ್ಲೇ ಎಚ್ಚಿಂಗ್ ಮಾಡಿ ನೋಡಬಹುದಾ?

ನೈಟ್ರಿಕ್ ಆಸಿಡ್ ಆದರೆ ಖಂಡಿತ ಬೇಡ. ಅದರ ಕಂದು ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು. ಫೆರಿಕ್ ಕ್ಲೋರೈಡ್ ಬಳಸಿ, ಎಲೆಕ್ಟ್ರಾನಿಕ್ಸ್ ಹುಡುಗರು ಸರ್ಕ್ಯೂಟ್ ಬೋರ್ಡ್ ಕೊರೆಯಲು ತರುತ್ತಾರಲ್ಲ, ಅದೇ. ಕೈಗವಸು, ಕನ್ನಡಕ, ತೆರೆದ ಕಿಟಕಿ, ಪ್ಲಾಸ್ಟಿಕ್ ಟ್ರೇ. ತಗಡನ್ನು ಮಗುಚಿ ಹಾಕಿ, ಕೆಸರು ಗೆರೆಯಲ್ಲಿ ಕೂರದೆ ಕೆಳಗೆ ಬೀಳುತ್ತದೆ. ಮಿಕ್ಕ ದ್ರಾವಣದಲ್ಲಿ ತಾಮ್ರ ಕರಗಿರುತ್ತದೆ, ಅದನ್ನು ಸಿಂಕಿಗೆ ಸುರಿಯಬಾರದು. ನಾನು ಒಮ್ಮೆ ಫೋನಿನಲ್ಲಿ ಮಾತಾಡುತ್ತಾ ತಗಡನ್ನು ಮರೆತೆ. ಒಂದು ಅಕಾಂತಸ್ ಎಲೆ ಹೋಗಿ ಒಂದು ಗುಂಡಿ ಉಳಿಯಿತು.

ಬೆಂಗಳೂರಿನಲ್ಲಿ ಈ ಅಲಂಕಾರವನ್ನು ಕಣ್ಣಾರೆ ನೋಡಲು ಆಗುತ್ತದಾ?

ಕಬ್ಬನ್ ಪಾರ್ಕಿನ ಬದಿಯ ಅಠಾರಾ ಕಚೇರಿ, ಅಂದರೆ ಹೈಕೋರ್ಟ್ ಕಟ್ಟಡದ ಮುಂದಿನ ಕಂಬಗಳನ್ನು ನೋಡಿ. 1860ರ ದಶಕದ್ದು. ಬೋದಿಗೆಯ ಎರಡು ಸುರುಳಿಗಳು ಅಯೋನಿಕ್ ಎಂಬ ಗ್ರೀಕ್ ಕಂಬಶೈಲಿಯವು. ಎಚ್ಚಿಂಗಿನಲ್ಲಿ ಒಂದು ಸಲ ಆ ಸುರುಳಿಯ ಸುತ್ತುಗಳನ್ನು ಎಣಿಸಿ ಹೋದರೆ, ಅಲ್ಲಿ ನಿಂತಾಗ ಕತ್ತು ನೋಯುವವರೆಗೂ ನೋಡುತ್ತೀರಿ.

ಕಟ್ಟು ಹಾಕಿಸುವಾಗ, ಮಳೆಗಾಲದಲ್ಲಿ ಏನು ಜೋಪಾನ?

ಲ್ಯಾಮಿನೇಷನ್ ಮಾಡಿಸಬೇಡಿ. ದೊಡ್ಡದಾಗಿ ಬರೆದು ಅಂಟಿಸಬೇಕು ಅನ್ನಿಸುವಷ್ಟು ಸಲ ಈ ಮಾತು ಹೇಳಿದ್ದೇನೆ. ಪ್ಲಾಸ್ಟಿಕ್ ಕರಗಿ ಕಾಗದದ ನಾರಿಗೆ ಅಂಟಿದ ಮೇಲೆ ಬ್ರಹ್ಮ ಬಂದರೂ ಬಿಡಿಸಲಾರ. ಸೆಲ್ಲೊಟೇಪೂ ಬೇಡ, ಫೆವಿಕಾಲೂ ಬೇಡ. ಆಸಿಡ್ ಇಲ್ಲದ ಬೋರ್ಡು ಕೇಳಿ. ಹಾಳೆಯ ಮೇಲಂಚಿಗೆ ಮಾತ್ರ ಜಪಾನಿ ಕಾಗದದ ಎರಡು ಚೂರನ್ನು ಗೋಧಿ ಪಿಷ್ಟದ ಅಂಟಿನಿಂದ ಹಚ್ಚಿ ನೇತುಹಾಕಿಸಿ. ಗಾಜು ಚಿತ್ರಕ್ಕೆ ತಾಗಬಾರದು, ನಡುವೆ ಕಿಟಕಿ ಕತ್ತರಿಸಿದ ಬೋರ್ಡು ಇರಬೇಕು.

ಮಂಗಳೂರು, ಮಡಿಕೇರಿ, ತೀರ್ಥಹಳ್ಳಿ ಕಡೆಯವರಾದರೆ ಹೊರಗೋಡೆಗೆ ತೂಗುಹಾಕಬೇಡಿ, ಮಳೆಯ ತೇವ ಹಿಂದಿನಿಂದ ಬರುತ್ತದೆ. ಕಟ್ಟಿನ ಹಿಂದಿನ ಕೆಳಮೂಲೆಗಳಿಗೆ ಕಾರ್ಕಿನ ಸಣ್ಣ ತುಂಡು ಅಂಟಿಸಿದರೆ ಗಾಳಿ ಆಡುತ್ತದೆ. ಬಿಸಿಲು ನೇರ ಬೀಳದಿರಲಿ. ಜುಲೈಯಲ್ಲಿ ಒಮ್ಮೆ, ಸೆಪ್ಟೆಂಬರಿನಲ್ಲಿ ಒಮ್ಮೆ ಇಳಿಸಿ ಹಿಂಭಾಗ ನೋಡಿ. ಕಂದು ಚುಕ್ಕೆ ಕಂಡರೆ ಒರೆಸಲು ಹೋಗದೆ, ಒಣ ಕೋಣೆಗೆ ಒಯ್ದು, ಕಾಗದದ ಸಂರಕ್ಷಣೆ ಗೊತ್ತಿರುವವರಿಗೆ ತೋರಿಸಿ. ಬೆಳ್ಳಿಹುಳು ಕಂಡರೆ ಪಕ್ಕದ ಪುಸ್ತಕದ ಕಪಾಟನ್ನೂ ನೋಡಿಬಿಡಿ, ಒಂದೇ ಕಡೆ ಇರುವ ಜಾತಿಯಲ್ಲ ಅದು.